ಡಾರ್ಟ್ಮತ್ ಕಾಲೇಜಿನ ಕೀರ್ತಿಯೂ ಗುಡ್ರಿಚ್ ಪತ್ರವೂ: ಒಂದು ಆಕರದ ಮರುಪರಿಶೀಲನೆ

ಅಮೆರಿಕದ ಸಣ್ಣ ಕಾಲೇಜುಗಳ ಚರಿತ್ರೆ ಬರೆದವರಲ್ಲಿ ಡೇನಿಯಲ್ ವೆಬ್‌ಸ್ಟರನ ಒಂದು ಮಾತನ್ನು ಎತ್ತಿಕೊಳ್ಳದವರು ವಿರಳ. 1818ರ ಮಾರ್ಚ್ 10ರಂದು ಸುಪ್ರೀಂ ಕೋರ್ಟಿನಲ್ಲಿ ಡಾರ್ಟ್ಮತ್ ಕಾಲೇಜಿನ ಪರವಾಗಿ ವಾದ ಮುಗಿಸುವಾಗ ಆತ, ಇದು ಚಿಕ್ಕ ಕಾಲೇಜು ನಿಜ, ಆದರೂ ಇದನ್ನು ಪ್ರೀತಿಸುವವರಿದ್ದಾರೆ ಎಂಬರ್ಥದ ಮಾತಾಡಿ ಗದ್ಗದಿತನಾದನೆಂದೂ, ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲನ ಕಣ್ಣು ತುಂಬಿ ಬಂತೆಂದೂ ಕಥನ. ಆಲ್ಬರ್ಟ್ ಬೆವರಿಜ್ ಅವರು ಮಾರ್ಷಲ್ ಜೀವನಚರಿತ್ರೆಯ ನಾಲ್ಕನೆಯ ಸಂಪುಟದಲ್ಲಿ (1919) ಈ ಪ್ರಸಂಗವನ್ನು ಕಣ್ಣಿಗೆ ಕಟ್ಟುವಂತೆ ಬರೆದರು. ಅಲ್ಲಿಂದ ಮುಂದೆ ಅದು ಪಠ್ಯಪುಸ್ತಕಗಳಿಗೂ ಘಟಿಕೋತ್ಸವದ ಭಾಷಣಗಳಿಗೂ ಹರಿಯಿತು. ಬೆವರಿಜ್ ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ 34 ವರ್ಷಗಳ ನಂತರ ಒಬ್ಬರು ನೆನಪಿನಿಂದ ಬರೆದ ಪತ್ರವನ್ನು ಅವರು ಅಂದೇ ಬರೆದುಕೊಂಡ ವರದಿಯಂತೆ ಬಳಸಿದ್ದನ್ನು ಒಪ್ಪಲಾಗದು. ಅವರ ನಂತರದವರು ಅದನ್ನು ಪರೀಕ್ಷಿಸದೆ ಮುಂದೆ ದಾಟಿಸಿದ್ದು ಇನ್ನೂ ದೊಡ್ಡ ಲೋಪ.

ಮೊಕದ್ದಮೆಯ ಹಿನ್ನೆಲೆಯನ್ನು ವಿಸ್ತರಿಸುವುದಿಲ್ಲ. 1769ರ ಸನ್ನದಿನಂತೆ ನಡೆಯುತ್ತಿದ್ದ ಕಾಲೇಜನ್ನು ನ್ಯೂ ಹ್ಯಾಂಪ್‌ಷೈರ್ ಶಾಸನಸಭೆ 1816ರಲ್ಲಿ ವಿಶ್ವವಿದ್ಯಾಲಯವೆಂದು ಘೋಷಿಸಿ ತನ್ನ ಹತೋಟಿಗೆ ತೆಗೆದುಕೊಂಡಿತು. ಹಳೆಯ ಟ್ರಸ್ಟಿಗಳು ಕೋರ್ಟಿಗೆ ಹೋದರು. 1819ರ ಫೆಬ್ರವರಿ 2ರಂದು ತೀರ್ಪು ಅವರ ಪರವಾಗಿ ಬಂತು. ಸನ್ನದು ಒಂದು ಕರಾರು, ಅದನ್ನು ರಾಜ್ಯ ಮುರಿಯುವಂತಿಲ್ಲ ಎಂಬುದು ಅದರ ತಿರುಳು. ನಮಗೆ ಇಲ್ಲಿ ಬೇಕಾದದ್ದು ತೀರ್ಪಲ್ಲ, ವಾದದ ಕೊನೆಯ ಕೆಲವು ನಿಮಿಷ.

ಆ ನಿಮಿಷಗಳ ಸಾಕ್ಷ್ಯ ಬಂದ ದಾರಿ ಹೀಗಿದೆ. ಕೇಳಿದವನು ಯೇಲ್ ಕಾಲೇಜಿನ ಅಲಂಕಾರಶಾಸ್ತ್ರದ ಅಧ್ಯಾಪಕ ಚೌನ್ಸಿ ಗುಡ್ರಿಚ್. ಆಗ ಅವನಿಗೆ ಮೂವತ್ತು ತುಂಬಿರಲಿಲ್ಲ. ವೆಬ್‌ಸ್ಟರ್ 1852ರ ಅಕ್ಟೋಬರಿನಲ್ಲಿ ತೀರಿಕೊಂಡ. ಆಮೇಲೆ ಗುಡ್ರಿಚ್ ತನ್ನ ನೆನಪನ್ನು ಪತ್ರರೂಪದಲ್ಲಿ ಬರೆದು ವಕೀಲ ರೂಫಸ್ ಚೋಟ್‌ಗೆ ಕಳಿಸಿದ. ಚೋಟ್ 1853ರ ಜುಲೈಯಲ್ಲಿ ಡಾರ್ಟ್ಮತ್‌ನಲ್ಲೇ ಮಾಡಿದ ವೆಬ್‌ಸ್ಟರ್ ಸ್ಮರಣೆಯ ಭಾಷಣದಲ್ಲಿ ಅದನ್ನು ಸೇರಿಸಿಕೊಂಡ. ನಮ್ಮ ಕೈಗೆ ಬಂದಿರುವುದು ಆ ಭಾಷಣದ ಅಚ್ಚಾದ ಪಾಠ. ಕೇಳಿದ ಕಿವಿಗೂ ಅಚ್ಚಾದ ಪುಟಕ್ಕೂ ನಡುವೆ ಒಂದು ತಲೆಮಾರು, ಒಂದು ಸಾವು, ಒಂದು ಶ್ರದ್ಧಾಂಜಲಿ ಇವೆ.

ಸಂಶಯವಾದಿಗಳು ಒಡ್ಡುವ ಮೊದಲ ಆಕ್ಷೇಪ, ಸಮಕಾಲೀನ ಮುದ್ರಿತ ವರದಿಯಲ್ಲಿ ಈ ಮಾತಿಲ್ಲ ಎಂಬುದು. ಅದು ನಿಜ. ಟಿಮೊತಿ ಫರಾರ್ 1819ರಲ್ಲಿ ಪ್ರಕಟಿಸಿದ ವರದಿಯಲ್ಲಿ ವೆಬ್‌ಸ್ಟರನ ವಾದ ಸಿಸೆರೊನ ಲ್ಯಾಟಿನ್ ವಾಕ್ಯಗಳಿಂದ ಮುಗಿಯುತ್ತದೆ. ಗುಡ್ರಿಚ್ ಪಾಠದ ಮುಕ್ತಾಯ ಬೇರೆ. ಅಲ್ಲಿ ಕಾಲೇಜನ್ನು ಇರಿತಕ್ಕೆ ಸಿಕ್ಕ ಸೀಸರನಿಗೆ ಹೋಲಿಸಿ, ಮಗನೇ ನೀನೂ ಸೇರಿದೆಯಾ ಎಂದು ಅದು ತನ್ನನ್ನು ಕೇಳುವಂತಾಗಬಾರದು ಎಂದು ವೆಬ್‌ಸ್ಟರ್ ನಿಲ್ಲಿಸುತ್ತಾನೆ. ಎರಡು ಮುಕ್ತಾಯ, ಎರಡರಲ್ಲೂ ರೋಮ್. ಹಾಗಾದರೆ ಒಂದು ಸುಳ್ಳೆಂದು ತೀರ್ಮಾನಿಸಬೇಕೆ?

ಬೇಕಿಲ್ಲ. ವೆಬ್‌ಸ್ಟರ್ 1818ರಲ್ಲೇ ತನ್ನ ವಾದವನ್ನು ಖಾಸಗಿಯಾಗಿ ಅಚ್ಚು ಹಾಕಿಸಿ ಗೆಳೆಯರಿಗೆ ಹಂಚಿದ. ಅದರಲ್ಲಿ ಅಲಂಕಾರದ ಮಾತುಗಳನ್ನೆಲ್ಲ ಕಿತ್ತುಹಾಕಿದ್ದೇನೆ ಎಂಬರ್ಥದ ಅವನ ಮಾತೇ ಉಳಿದಿದೆ. ಕಿತ್ತವನೇ ಕಿತ್ತಿದ್ದೇನೆ ಎಂದು ಹೇಳಿರುವಾಗ, ಅಚ್ಚಿನಲ್ಲಿ ಇಲ್ಲ ಎಂಬುದು ಆಡಲೇ ಇಲ್ಲ ಎನ್ನುವುದಕ್ಕೆ ಪುರಾವೆಯಾಗದು. ಕಿತ್ತದ್ದೇನು ಎಂಬುದೇ ವಿವಾದ. 1879ರಲ್ಲಿ ಈ ಮೊಕದ್ದಮೆಯ ಮೇಲೆ ಪುಸ್ತಕ ಬರೆದ ಜಾನ್ ಶರ್ಲಿ, ಅವರ ಜಾಡಿನಲ್ಲಿ ನಡೆದು 1883ರಲ್ಲಿ ವೆಬ್‌ಸ್ಟರ್ ಜೀವನಚರಿತ್ರೆ ಬರೆದ ಹೆನ್ರಿ ಕ್ಯಾಬಟ್ ಲಾಜ್, ಹೊರಬಿದ್ದದ್ದರಲ್ಲಿ ಪಕ್ಷ ರಾಜಕಾರಣವಿತ್ತು, ಫೆಡರಲಿಸ್ಟನಾದ ಮಾರ್ಷಲನ ಒಲವನ್ನು ತಟ್ಟುವ ಮಾತಿತ್ತು ಎಂಬ ಕಡೆಗೆ ವಾಲಿದರು. (ಶರ್ಲಿಗೆ ವೆಬ್‌ಸ್ಟರ್ ಮೇಲೂ ಮಾರ್ಷಲ್ ಮೇಲೂ ಇದ್ದ ಅಸಮಾಧಾನ ಅವರ ಪುಸ್ತಕದ ಉದ್ದಕ್ಕೂ ಕಾಣುತ್ತದೆ. ಆದರೂ ದಾಖಲೆ ಕೂಡಿಹಾಕುವುದರಲ್ಲಿ ಅವರನ್ನು ಮೀರಿಸಿದವರು ಆ ಕಾಲದಲ್ಲಿ ಇಲ್ಲ. ಅವರನ್ನು ಓದದೆ ಬೈಯುವವರು ಮೊದಲು ಓದಲಿ.) ನಾಲ್ಕು ಗಂಟೆಯಷ್ಟು ನಡೆದ ವಾದದಲ್ಲಿ ರಾಜಕಾರಣಕ್ಕೂ ಕಣ್ಣೀರಿಗೂ ಜಾಗವಿತ್ತು. ಒಂದನ್ನು ಒಪ್ಪಿದರೆ ಇನ್ನೊಂದನ್ನು ತಳ್ಳಬೇಕೆಂಬ ಕಟ್ಟು ಎಲ್ಲಿದೆ?

ಇನ್ನು ಗುಡ್ರಿಚ್ ಪಾಠವನ್ನು ನಂಬುವವರ ವಾದ. ಪೀಠದಲ್ಲೇ ಕುಳಿತಿದ್ದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಬಿಟ್ಟುಹೋದ ಒಂದು ಹಸ್ತಪ್ರತಿ ಅಂದಿನ ಸಭೆ ಕಣ್ಣೀರಾದದ್ದನ್ನು ಹೇಳುತ್ತದೆ. ಆದ್ದರಿಂದ ಗುಡ್ರಿಚ್ ಹೇಳಿದ್ದು ದಿಟ ಎನ್ನುತ್ತಾರೆ. ಇಲ್ಲಿ ಒಂದು ಮೆಟ್ಟಿಲು ಹಾರಿದ್ದಾರೆ. ಸ್ಟೋರಿಯ ಬರಹ ಭಾವೋದ್ರೇಕಕ್ಕೆ ಸ್ವತಂತ್ರ ಸಾಕ್ಷಿ, ಗುಡ್ರಿಚ್ ಕೊಡುವ ವಾಕ್ಯಗಳಿಗಲ್ಲ. ವೆಬ್‌ಸ್ಟರ್ ಅತ್ತದ್ದು ಖಚಿತ ಎನ್ನೋಣ. ಅಳುತ್ತ ಆಡಿದ್ದು ಇದೇ ಮಾತುಗಳನ್ನು ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಎರಡೂ ಪಕ್ಷದವರು ಗಮನಿಸದ ಸಂಗತಿಯೊಂದಿದೆ. ಗುಡ್ರಿಚ್ ಆ ಪತ್ರ ಬರೆದ 1852ರಲ್ಲೇ ಅವನು ಸಂಪಾದಿಸಿದ ಬ್ರಿಟಿಷ್ ವಾಗ್ಮಿಗಳ ಭಾಷಣಗಳ ಬೃಹತ್ ಸಂಕಲನ ಹೊರಬಂತು. ಚಾಥಮ್, ಬರ್ಕ್, ಫಾಕ್ಸ್ ಮೊದಲಾದವರ ಭಾಷಣಗಳಿಗೆ ಪೀಠಿಕೆ, ಟಿಪ್ಪಣಿ ಬರೆದು ಮುಗಿಸಿದ್ದ ಕೈ ಅದು. ಭಾಷಣದ ಮುಕ್ತಾಯ ಹೇಗಿರಬೇಕು, ಎಲ್ಲಿ ದನಿ ತಗ್ಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ದಶಕಗಳ ಕಾಲ ಕಲಿಸಿದವನ ನೆನಪು ಆ ಮುಕ್ತಾಯಕ್ಕೆ ತಾನಾಗಿಯೇ ಆಕಾರ ಕೊಡದಿರುವುದು ಅಸಂಭವ. ಅವನು ಸುಳ್ಳು ಹೇಳಿದ ಎಂದು ನಾನು ಹೇಳುತ್ತಿಲ್ಲ. ಅವನ ಪ್ರಾಮಾಣಿಕತೆಯನ್ನು ಶಂಕಿಸಲು ಯಾವ ಆಧಾರವೂ ಇಲ್ಲ. ಆದರೆ ಪತ್ರದ ವಾಕ್ಯಗಳು ಗುಡ್ರಿಚನವು, ತಿರುಳು ವೆಬ್‌ಸ್ಟರನದು ಎಂಬುದಕ್ಕಿಂತ ಮುಂದೆ ಹೋಗಲು ಆಕರ ಅವಕಾಶ ಕೊಡುವುದಿಲ್ಲ.

ಕಾಲೇಜು ಚಿಕ್ಕದು ಎಂಬ ವರ್ಣನೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ವೆಬ್‌ಸ್ಟರ್ 1801ರಲ್ಲಿ ಅಲ್ಲಿಂದ ಪದವಿ ಪಡೆದವನು. ಅವನ ಕಾಲದ ಡಾರ್ಟ್ಮತ್ ಚಿಕ್ಕದೇನೂ ಅಲ್ಲ. 18ನೆಯ ಶತಮಾನದ ಕೊನೆಯ ದಶಕದಲ್ಲಿ ಪದವೀಧರರ ಲೆಕ್ಕದಲ್ಲಿ ಅದು ಹಾರ್ವರ್ಡ್‌ಗೆ ಸಮೀಪದಲ್ಲಿತ್ತು, ಯೇಲ್‌ಗಿಂತ ಮುಂದಿತ್ತು. 1818ರಲ್ಲಿ ಅದು ಬಡವಾಗಿತ್ತು, ಸ್ವಂತ ಕಟ್ಟಡವಿಲ್ಲದೆ ಬೀದಿಗೆ ಬಿದ್ದಿತ್ತು. ಅಂದು ಚಿಕ್ಕದೆಂದು ಕರೆಯಲು ಕಾರಣವಿತ್ತು, ಆದರೆ ಅದು ಹುಟ್ಟುಗುಣವಲ್ಲ, ಮೊಕದ್ದಮೆ ತಂದ ದುಃಸ್ಥಿತಿ. ಚಿಕ್ಕದಾಗಿರುವುದೇ ಒಂದು ಮೌಲ್ಯ, ಚಿಕ್ಕ ಕಾಲೇಜಿನಲ್ಲೇ ನಿಜವಾದ ವಿದ್ಯೆ ಎಂಬ ಆದರ್ಶವನ್ನು ಈ ಮಾತಿಗೆ ಕಟ್ಟಿದ್ದು ನಂತರದ ತಲೆಮಾರು.

ಈಗ ಕಡೆಗಣಿತ ಆಕರಕ್ಕೆ ಬರುತ್ತೇನೆ. ಪ್ರೀತಿಸುವವರಿದ್ದಾರೆ ಎಂಬುದನ್ನು ವಕೀಲನ ಬಾಯಿಂದ ಕೇಳಬೇಕಾದ ಅಗತ್ಯವೇ ಇರಲಿಲ್ಲ. ವಿದ್ಯಾರ್ಥಿಗಳು ಆಗಲೇ ಅದನ್ನು ಮಾಡಿ ತೋರಿಸಿದ್ದರು. 1817ರಲ್ಲಿ ಕಟ್ಟಡ ವಿಶ್ವವಿದ್ಯಾಲಯದ ವಶವಾದಾಗ ಅಧ್ಯಕ್ಷ ಫ್ರಾನ್ಸಿಸ್ ಬ್ರೌನ್ ಮತ್ತು ಇಬ್ಬರು ಅಧ್ಯಾಪಕರು ಊರಿನ ಬಾಡಿಗೆ ಕೋಣೆಗಳಲ್ಲಿ ಪಾಠ ಮುಂದುವರಿಸಿದರು. ವಿದ್ಯಾರ್ಥಿಗಳಲ್ಲಿ ಬಹುಪಾಲು ಅವರ ಹಿಂದೆ ಹೋದರು. ಕಟ್ಟಡ, ಮುದ್ರೆ, ದಫ್ತರ ಎಲ್ಲ ಇದ್ದ ವಿಶ್ವವಿದ್ಯಾಲಯಕ್ಕೆ ಸಿಕ್ಕವರು ಬೆರಳೆಣಿಕೆಯಷ್ಟು. ಒಂದೇ ಹಳ್ಳಿಯಲ್ಲಿ ಎರಡು ಸಂಸ್ಥೆ, ಎರಡು ಅಧ್ಯಕ್ಷಪೀಠ.

ಹಳೆಯ ಕಟ್ಟಡದಲ್ಲಿ ಉಳಿದುಬಿಟ್ಟಿದ್ದ ಒಂದು ಆಸ್ತಿ ಟ್ರಸ್ಟಿಗಳದೂ ಅಲ್ಲ, ರಾಜ್ಯದ್ದೂ ಅಲ್ಲ. ಸೋಷಿಯಲ್ ಫ್ರೆಂಡ್ಸ್ ಮತ್ತು ಯುನೈಟೆಡ್ ಫ್ರಟರ್ನಿಟಿ ಎಂಬ ಎರಡು ವಿದ್ಯಾರ್ಥಿ ಸಂಘಗಳು 1780ರ ದಶಕದಿಂದ ತಮ್ಮದೇ ವಂತಿಗೆಯಲ್ಲಿ ಪುಸ್ತಕ ಕೊಂಡು ಬೆಳೆಸಿದ್ದ ಗ್ರಂಥಾಲಯಗಳು ಅವು. ಓದುವ ಹುಡುಗನಿಗೆ ದಿನನಿತ್ಯ ಒದಗುತ್ತಿದ್ದದ್ದು ಕಾಲೇಜಿನ ಗ್ರಂಥಾಲಯಕ್ಕಿಂತ ಹೆಚ್ಚಾಗಿ ಇವೇ. ರಾಜ್ಯದ ನ್ಯಾಯಾಲಯ ವಿಶ್ವವಿದ್ಯಾಲಯದ ಪರವಾಗಿ ತೀರ್ಪು ಕೊಟ್ಟ 1817ರ ನವೆಂಬರಿನಲ್ಲೇ, ವಿದ್ಯಾರ್ಥಿಗಳು ಪುಸ್ತಕ ಸಾಗಿಸಿಬಿಡುತ್ತಾರೆಂಬ ಅನುಮಾನದಿಂದ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು ಊರಿನ ಕೆಲವರನ್ನು ಕಟ್ಟಿಕೊಂಡು ರಾತ್ರಿ ಬಂದು ಸೋಷಿಯಲ್ ಫ್ರೆಂಡ್ಸ್ ಕೋಣೆಯ ಬಾಗಿಲನ್ನು ಕೊಡಲಿಯಿಂದ ಒಡೆದರು. ಸುದ್ದಿ ಹತ್ತಿದ್ದೇ ತಡ, ಹುಡುಗರು ಸೌದೆ ತುಂಡು ಹಿಡಿದು ಓಡಿ ಬಂದು ಒಳಗಿದ್ದವರನ್ನು ಸುತ್ತುವರಿದರು. ಅಧ್ಯಾಪಕರು ಸೋಲೊಪ್ಪಿದರು. ಆಮೇಲೆ ವಿದ್ಯಾರ್ಥಿಗಳೇ ಕಾವಲಾಗಿ ನಿಂತು ಅವರನ್ನು ಸುರಕ್ಷಿತವಾಗಿ ಮನೆ ಮುಟ್ಟಿಸಿದರು. ಪುಸ್ತಕಗಳು ವಿದ್ಯಾರ್ಥಿಗಳ ಕೈಯಲ್ಲೇ ಉಳಿದವು.

ಕಾನೂನಿನ ಚರಿತ್ರೆಕಾರರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ, ಹುಡುಗಾಟಿಕೆಯೆಂದು ಬದಿಗಿಡುತ್ತಾರೆ. ಇದು ದೃಷ್ಟಿದೋಷ. ಸಂಸ್ಥೆಯೊಂದರ ಕೀರ್ತಿ ನ್ಯಾಯಾಲಯದಲ್ಲಿ ಹುಟ್ಟುತ್ತದೆಂದು ನಂಬಿದವರಿಗೆ ಗ್ರಂಥಾಲಯದ ಬಾಗಿಲು ಕಾಣುವುದಿಲ್ಲ. ಆ ಕಾಲದಲ್ಲಿ ಅಲ್ಲೇ ಓದುತ್ತಿದ್ದವನೊಬ್ಬನ ಹೆಸರು ಕೇಳಿದರೆ ಇದರ ತೂಕ ತಿಳಿಯುತ್ತದೆ. ರೂಫಸ್ ಚೋಟ್ ಡಾರ್ಟ್ಮತ್ ಸೇರಿದ್ದು 1815ರಲ್ಲಿ, ಪದವಿ ಪಡೆದದ್ದು 1819ರಲ್ಲಿ, ತರಗತಿಗೇ ಮೊದಲಿಗನಾಗಿ. ಬಾಡಿಗೆ ಕೋಣೆಯ ಪಾಠ, ಒಡೆದ ಬಾಗಿಲು, ತೀರ್ಪಿಗಾಗಿ ಕಾದ ದಿನಗಳು ಎಲ್ಲವೂ ಅವನ ವಿದ್ಯಾರ್ಥಿಜೀವನದೊಳಗೇ ಬರುತ್ತವೆ. 1853ರಲ್ಲಿ ಗುಡ್ರಿಚನ ಪತ್ರವನ್ನು ಆರಿಸಿ, ಅದೇ ಊರಿನ ಸಭೆಯ ಮುಂದಿಟ್ಟವನು ಈ ಚೋಟ್. ಅವನ ಕಿವಿಗೆ ಆ ಮಾತು ತಾನು ಕಣ್ಣಾರೆ ಕಂಡದ್ದರ ವರ್ಣನೆಯಾಗಿ ಕೇಳಿಸಿರಲೇಬೇಕು. ಮುಂದೆ 1862ರಲ್ಲಿ ಚೋಟನ ಬರಹಗಳನ್ನು ಜೀವನಕಥನದೊಂದಿಗೆ ಪ್ರಕಟಿಸಿದ ಸ್ಯಾಮ್ಯುಯೆಲ್ ಗಿಲ್ಮನ್ ಬ್ರೌನ್, ಬಾಡಿಗೆ ಕೋಣೆಯಲ್ಲಿ ಕಾಲೇಜನ್ನು ಉಳಿಸಿ 1820ರಲ್ಲಿ 36ನೆಯ ವಯಸ್ಸಿಗೇ ತೀರಿಕೊಂಡ ಅಧ್ಯಕ್ಷ ಬ್ರೌನನ ಮಗ. ಸಾಕ್ಷ್ಯವನ್ನು ಕೈಯಿಂದ ಕೈಗೆ ದಾಟಿಸಿದವರಲ್ಲಿ ಇಬ್ಬರು ಆ ಹೋರಾಟದ ಮನೆಯವರೇ. ಇದು ಪಾಠಕ್ಕೆ ಮೆರುಗು ಕೊಟ್ಟಿರಬಹುದಾದ ಒಲವು, ಅದರ ತಿರುಳಿಗೆ ಬೆಂಬಲ ಕೊಡುವ ಅನುಭವ ಕೂಡ.

ಇನ್ನೊಂದು ಮಾತನ್ನು ಬಿಡಲಾಗದು. ದಾನಿಗಳ ಉದ್ದೇಶವನ್ನು ಕಾಪಾಡಬೇಕು ಎಂಬುದು ಟ್ರಸ್ಟಿಗಳ ಪರ ವಾದದ ಒಂದು ಆಧಾರ. ಆ ದಾನದ ದೊಡ್ಡ ಭಾಗವನ್ನು ಬ್ರಿಟನ್ನಿನಲ್ಲಿ ತಿರುಗಿ ಕೂಡಿಸಿದವನು ಮೊಹೀಗನ್ ಜನಾಂಗದ ಧರ್ಮಬೋಧಕ ಸ್ಯಾಮ್ಸನ್ ಆಕಮ್. ಮೂಲನಿವಾಸಿ ಮಕ್ಕಳ ಶಿಕ್ಷಣಕ್ಕೆಂದು 1766ರಿಂದ 1768ರವರೆಗೆ ಅವನು ಎತ್ತಿದ ಹಣ ಸುಮಾರು 12,000 ಪೌಂಡು. ಕಾಲೇಜು ಆ ಮಕ್ಕಳ ಬದಲು ಬಿಳಿಯ ವಸಾಹತುಗಾರರ ಮಕ್ಕಳಿಗೆ ಮೀಸಲಾಗುತ್ತ ಹೋದಾಗ ಆಕಮ್ ಸಂಸ್ಥಾಪಕ ವೀಲಕ್‌ನಿಂದ ದೂರವಾದ. ಕಾಲೇಜನ್ನು ಪ್ರೀತಿಸಿದವರ ಪಟ್ಟಿ ಮಾಡುವ ಚರಿತ್ರೆಕಾರರು ಅದರಿಂದ ವಂಚಿತರಾದವರನ್ನು ಅದೇ ಪುಟದಲ್ಲಿ ಕಾಣಿಸಬೇಕು. ಬೆವರಿಜ್ ಅವರ ಮೇಲಿನ ನನ್ನ ದೊಡ್ಡ ತಕರಾರು ಗುಡ್ರಿಚ್ ಪತ್ರಕ್ಕಿಂತಲೂ ಇದೇ.

ನನ್ನ ನಿರ್ಣಯ ಇಷ್ಟು. ಆ ವಾಕ್ಯಗಳನ್ನು ವೆಬ್‌ಸ್ಟರನ ಹೆಸರಿನಲ್ಲಿ ಉದ್ಧರಿಸುವುದು ಶಾಸ್ತ್ರಸಮ್ಮತವಲ್ಲ. ಅವನು ಕಾಲೇಜಿನ ಬಗ್ಗೆ ಭಾವುಕನಾಗಿ ಮಾತಾಡಿದ ಎಂಬುದನ್ನು ಅಲ್ಲಗಳೆಯುವುದೂ ಸರಿಯಲ್ಲ. ಮುಂದೆ ಇದನ್ನು ಬಳಸುವ ಸಂಶೋಧಕರು 1852ರ ಗುಡ್ರಿಚ್ ಪತ್ರ, 1853ರ ಚೋಟ್ ಭಾಷಣದ ಮೂಲಕ ಎಂದು ಸ್ಪಷ್ಟವಾಗಿ ನಮೂದಿಸಲಿ. ವಿದ್ಯಾರ್ಥಿ ಸಂಘಗಳ ಗ್ರಂಥಾಲಯದ ಪ್ರಸಂಗವನ್ನು ಅಡಿಟಿಪ್ಪಣಿಯಿಂದ ಎತ್ತಿ ಮುಖ್ಯ ಕಥನಕ್ಕೆ ತರಲಿ.