ಮುಂಗಾಮಿ ಎಂಬ ಪಟ್ಟ ಪಂಚರತ್ನಂಗೆ ಸಾಲದು

ಭೌತವಿಜ್ಞಾನಿ ಎಸ್. ಪಂಚರತ್ನಂ ಹೆಸರು ಬಂದಲ್ಲೆಲ್ಲ ಒಂದು ಮಾತು ತಪ್ಪದೆ ಬೆನ್ನು ಹತ್ತುತ್ತದೆ: ಬ್ರಿಸ್ಟಲ್‌ನ ಮೈಕೆಲ್ ಬೆರ್ರಿ 1984ರಲ್ಲಿ ಕಂಡ ಜ್ಯಾಮಿತೀಯ ಪ್ರಾವಸ್ಥೆಯನ್ನು ಇವರು ಬೆಂಗಳೂರಿನಲ್ಲಿ ಕೂತು 1956ರಲ್ಲೇ ಕಂಡಿದ್ದರು. ಅಭಿಮಾನಕ್ಕೆ ಹಿತವಾದ ಮಾತೇ. ಅವರ ಆ ಪ್ರಬಂಧ ತೆರೆದು ಓದಿದವರು ಮಾತ್ರ ಹೀಗೆ ಹೇಳಲಾರರು.

ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ 22ರ ತರುಣನ ಪ್ರಶ್ನೆ ಇದು: ಧ್ರುವೀಕರಣ ಬೇರೆಬೇರೆಯಾಗಿರುವ ಎರಡು ಕಿರಣಗಳು ಒಂದೇ ಪ್ರಾವಸ್ಥೆಯಲ್ಲಿವೆ ಎನ್ನುವುದು ಯಾವಾಗ? ಕೂಡಿಸಿದಾಗ ತೀವ್ರತೆ ಗರಿಷ್ಠವಾದರೆ, ಎಂದು ಅವರು ನಿಯಮ ಕಟ್ಟಿದರು. ಅದರಿಂದ ವಿಚಿತ್ರವೊಂದು ಹೊರಬಿತ್ತು. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹೊಂದಿದರೂ ಮೂರನೆಯದು ಮೊದಲನೆಯದಕ್ಕೆ ಹೊಂದಬೇಕೆಂದಿಲ್ಲ. ಉಳಿಯುವ ವ್ಯತ್ಯಾಸ, ಧ್ರುವೀಕರಣದ ಒಂದೊಂದು ಸ್ಥಿತಿಯನ್ನೂ ಒಂದೊಂದು ಬಿಂದುವಾಗಿ ತೋರಿಸುವ ಪ್ವಾಂಕಾರೆ ಗೋಳದ ಮೇಲೆ ಆ ಮೂರು ಸ್ಥಿತಿಗಳು ರಚಿಸುವ ತ್ರಿಕೋನದ ಘನಕೋನದಲ್ಲಿ ಅರ್ಧ.

ಬೆರ್ರಿಯವರದು ಬಲು ನಿಧಾನವಾಗಿ ಬದಲಾಗಿ ಹೊರಟಲ್ಲಿಗೇ ಮರಳುವ ಕ್ವಾಂಟಂ ವ್ಯವಸ್ಥೆಯ ಲೆಕ್ಕ. ಪಂಚರತ್ನಂ ಬರಹದಲ್ಲಿ ಆ ನಿಧಾನವೂ ಇಲ್ಲ, ವ್ಯವಸ್ಥೆಯ ಶಕ್ತಿಯನ್ನು ಪ್ರತಿನಿಧಿಸುವ ಹ್ಯಾಮಿಲ್ಟೋನಿಯನ್ನೂ ಇಲ್ಲ. ಹಾಗೆಂದು ಅದು ಅಪೂರ್ಣವೆ? 1988ರಲ್ಲಿ ಅದೇ ಸಂಸ್ಥೆಯ ಜೋಸೆಫ್ ಸ್ಯಾಮ್ಯುಯೆಲ್ ಮತ್ತು ರಾಜೇಂದ್ರ ಭಂಡಾರಿ ಉತ್ತರ ಕೊಟ್ಟರು: ಪಂಚರತ್ನಂ ನಿಯಮವನ್ನು ಆಧಾರವಾಗಿ ಹಿಡಿದರೆ ನಿಧಾನ ಬೇಡ, ಹೊರಟಲ್ಲಿಗೆ ಮರಳುವುದೂ ಬೇಡ, ನಡುವೆ ಅಳತೆ ಮಾಡಿದರೂ ಸರಿ. ಅಂದರೆ ಹಳೆಯದೇ ಹೆಚ್ಚು ವ್ಯಾಪಕ. ಮುಂಗಾಮಿ ಎಂದು ಹೊಗಳುವವರು ಅರಿಯದೆ ಅವರನ್ನು ಕುಗ್ಗಿಸುತ್ತಿದ್ದಾರೆ.

ಪ್ರಬಂಧವನ್ನು ಯಾರೂ ಗಮನಿಸದ್ದಕ್ಕೆ, ಅದು ಭಾರತದ ಪತ್ರಿಕೆಯಲ್ಲಿ ಹೂತುಹೋಗಿತ್ತು ಎಂಬ ಸಮಜಾಯಿಷಿಯೂ ನಿಲ್ಲದು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರೀಡರ್ ಆಗಿ, ಮುಂದೆ ಆಕ್ಸ್‌ಫರ್ಡ್ ಸೇರಿದ ಪಂಚರತ್ನಂ 1969ರಲ್ಲಿ, 35ಕ್ಕೇ ತೀರಿಕೊಂಡರು. ಅವರ ಸಮಗ್ರ ಪ್ರಬಂಧಗಳನ್ನು ಜಿ. ಡಬ್ಲ್ಯೂ. ಸೀರೀಸ್ ಸಂಪಾದಿಸಿ, ಆಕ್ಸ್‌ಫರ್ಡ್ ಮುದ್ರಣಾಲಯವೇ 1975ರಲ್ಲಿ ಹೊರತಂದಿತ್ತು! ಪುಸ್ತಕ ಕಪಾಟಿನಲ್ಲಿತ್ತು, ಓದುವ ಕಣ್ಣಿರಲಿಲ್ಲ.

ಕಾರಣ ಊಹಿಸಲು ದೂರ ಹೋಗಬೇಕಿಲ್ಲ. ಒಂದು ಹೋಲಿಕೆ ಸಾಕು: ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನವಿದೆ. ಉದ್ದಕ್ಕೂ ಬ್ರಾಹ್ಮಿಯಲ್ಲಿ ಕೆತ್ತಿದ ಲಿಪಿಕಾರ ಚಪಡ, ತನ್ನ ವೃತ್ತಿಯ ಹೆಸರನ್ನಷ್ಟೇ ಖರೋಷ್ಠಿಯಲ್ಲಿ ಬರೆದ. ಬ್ರಾಹ್ಮಿ ಮಾತ್ರ ಬಲ್ಲವನಿಗೆ ಆ ಪದ ಬರೀ ಗೀರು. ಸ್ಫಟಿಕ ದ್ಯುತಿಶಾಸ್ತ್ರದ ಭಾಷೆಯಲ್ಲಿದ್ದ ಪಂಚರತ್ನಂ ಪ್ರಬಂಧವೂ ಕ್ವಾಂಟಂ ಪಂಡಿತರಿಗೆ ಹಾಗೇ ಕಂಡಿತು. ಎರಡೂ ಭಾಷೆ ಬಲ್ಲ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಅದನ್ನು ಓದಿ ತೋರಿಸಿದರು. (ರಾಮಶೇಷನ್, ಪಂಚರತ್ನಂ ಇಬ್ಬರೂ ರಾಮನ್ ಬಂಧುಗಳು, ಮನೆಯವರ ಮೋಹ ಎಂದು ಮೂಗು ಮುರಿಯುವವರು, ಮರುವರ್ಷ ಬೆರ್ರಿಯೇ ಪಂಚರತ್ನಂ ಕೆಲಸದ ಮೇಲೆ ಪ್ರಬಂಧ ಬರೆದದ್ದನ್ನು ನೋಡಲಿ.)

ನ್ಯಾನೊಫೋಟಾನಿಕ್ಸ್‌ನವರಿಗೆ ಯಾರು ಮುಂಗಾಮಿ ಎಂಬ ಈ ಜಗಳ ಬೇಕಿಲ್ಲ; ಅವರಿಗೆ ಬೇಕಾದದ್ದು ಪಂಚರತ್ನಂ ಲೆಕ್ಕ. 2016ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ತಂಡ ತೋರಿಸಿದ ಚಪ್ಪಟೆ ಮಸೂರದಲ್ಲಿ ಟೈಟಾನಿಯಂ ಡೈಆಕ್ಸೈಡಿನ ನ್ಯಾನೊ ಕಂಬಗಳ ಸಾಲುಗಳಿವೆ. ಬೇರೆಬೇರೆಯಾಗಿರುವುದು ಅವು ತಿರುಗಿ ನಿಂತ ಕೋನ. ಕಂಬವನ್ನು 30 ಡಿಗ್ರಿ ತಿರುಗಿಸಿದರೆ, ಅದನ್ನು ದಾಟುತ್ತ ಸುತ್ತುದಿಕ್ಕು ಬದಲಿಸುವ ವೃತ್ತೀಯ ಧ್ರುವೀಕೃತ ಬೆಳಕಿನ ಪ್ರಾವಸ್ಥೆ 60 ಡಿಗ್ರಿ ಸರಿಯುತ್ತದೆ. ಪ್ವಾಂಕಾರೆ ಗೋಳದ ಮೇಲೆ, ತಿರುಗಿಸುವ ಮುಂಚೆ ಮತ್ತು ಆಮೇಲೆ ಕಂಬ ಬೆಳಕನ್ನು ಒಯ್ಯುವ ಎರಡು ದಾರಿಗಳ ನಡುವಿನ ಘನಕೋನವನ್ನು ಲೆಕ್ಕ ಹಾಕಿ ಅರ್ಧ ಮಾಡಿದರೆ ಬರುವುದೂ ಅದೇ 60.