ಎಡಗಡೆಯ ಸೀಟಿನ ಕೊರತೆ: ಭಾರತದ ವಿಮಾನ ಕಂಪನಿಗಳಲ್ಲಿ ಪೈಲಟ್ ನೇಮಕಾತಿ ಮತ್ತು ವೃತ್ತಿಯ ಭವಿಷ್ಯ

ಮುಂದಿನ 15–20 ವರ್ಷಗಳಲ್ಲಿ ಭಾರತಕ್ಕೆ 30,000 ಪೈಲಟ್‌ಗಳು ಬೇಕಾಗುತ್ತಾರೆ ಎಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವರು 2025ರ ಫೆಬ್ರುವರಿಯಲ್ಲಿ ಹೇಳಿದರು. ಈ ಅಂದಾಜಿಗೆ ಆಧಾರವಿಲ್ಲದಿಲ್ಲ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತ್ತು. ಅದೇ ವರ್ಷದ ಜೂನ್‌ನಲ್ಲಿ ಇಂಡಿಗೋ ಒಮ್ಮೆಗೇ 500 ಏರ್‌ಬಸ್ ವಿಮಾನಗಳಿಗೆ ಆರ್ಡರ್ ಕೊಟ್ಟಿತು. 2024ರ ಜನವರಿಯಲ್ಲಿ ಆಕಾಸಾ ಏರ್ 150 ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳನ್ನು ಕೇಳಿತು. ಈ ಅಂಕಿಗಳು ಪತ್ರಿಕೆಗಳಿಂದ ತರಬೇತಿ ಶಾಲೆಗಳ ಜಾಹೀರಾತಿಗೆ, ಜಾಹೀರಾತಿನಿಂದ ಮನೆಗಳಿಗೆ ತಲುಪಲು ಹೆಚ್ಚು ಕಾಲ ಹಿಡಿಯಲಿಲ್ಲ. ಇದೇ ಹೊತ್ತಿನಲ್ಲಿ, ಲೈಸೆನ್ಸ್ ಕೈಯಲ್ಲಿದ್ದೂ ವರ್ಷಗಟ್ಟಲೆ ಕರೆಗಾಗಿ ಕಾಯುತ್ತಿರುವ ತರುಣ ತರುಣಿಯರೂ ಇದ್ದಾರೆ.

ಕೊರತೆಯೂ ನಿಜ, ನಿರುದ್ಯೋಗವೂ ನಿಜ. ಎರಡೂ ಒಟ್ಟಿಗೆ ಇರುವುದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ. ನನ್ನ ವಾದ ಇಷ್ಟು: ಕೊರತೆ ಇರುವುದು ಕಾಕ್‌ಪಿಟ್‌ನಲ್ಲಿ ಎಡಗಡೆ ಕೂರುವ ಕ್ಯಾಪ್ಟನ್‌ಗಳದ್ದು, ಬಲಗಡೆಯ ಸೀಟಿಗಾಗಿ ಕಾದಿರುವ ಹೊಸಬರದ್ದಲ್ಲ. ಹೊಸಬರನ್ನು ಕ್ಯಾಪ್ಟನ್ ಮಾಡುವ ದಾರಿ ಕಿರಿದಾಗಿದೆ. ಆ ದಾರಿಯ ಖರ್ಚನ್ನೂ ಅಪಾಯವನ್ನೂ ಹೊರುತ್ತಿರುವುದು ಬಹುಪಾಲು ವಿದ್ಯಾರ್ಥಿಯ ಕುಟುಂಬ.

ಲೈಸೆನ್ಸ್‌ನಿಂದ ಕಾಕ್‌ಪಿಟ್‌ವರೆಗೆ

ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆಯಲು 18 ವರ್ಷ ತುಂಬಿರಬೇಕು, ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ನಡೆಸುವ ಪರೀಕ್ಷೆಗಳನ್ನು ಪಾಸು ಮಾಡಬೇಕು, 200 ಗಂಟೆ ಹಾರಾಟ ಮುಗಿಸಿರಬೇಕು. 2022ರಲ್ಲಿ ಡಿಜಿಸಿಎ 1,165 ಲೈಸೆನ್ಸ್ ಕೊಟ್ಟಿತು. 2023ರಲ್ಲಿ ಈ ಸಂಖ್ಯೆ 1,622ಕ್ಕೆ ಏರಿತು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ದಶಕಗಳಿಂದ ಇದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಎರಡು ನಮ್ಮ ರಾಜ್ಯದವು: ಬೆಳಗಾವಿ ಮತ್ತು ಕಲಬುರಗಿ. ಹೀಗೆ ಲೈಸೆನ್ಸ್ ಕೊಡುವ ಬಾಗಿಲು ಅಗಲವಾಗುತ್ತ ಬಂದಿದೆ.

ಇಕ್ಕಟ್ಟು ಶುರುವಾಗುವುದು ಆಮೇಲೆ. 200 ಗಂಟೆಗಳ ಬಹುಪಾಲು ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾದಂಥ ವಿಮಾನದಲ್ಲಿ ಕಳೆದಿರುತ್ತದೆ. ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸಲು ಆ ಮಾದರಿಗೇ ಮೀಸಲಾದ ಟೈಪ್ ರೇಟಿಂಗ್ ಬೇಕು. ತರಗತಿಯ ಪಾಠ, ಸಿಮ್ಯುಲೇಟರ್‌ನಲ್ಲಿ ವಾರಗಟ್ಟಲೆ ಅಭ್ಯಾಸ, ಟೇಕಾಫ್ ಹೊತ್ತಿಗೆ ಎಂಜಿನ್ ಕೈಕೊಟ್ಟರೆ ಏನು ಮಾಡಬೇಕೆಂಬ ಪರೀಕ್ಷೆ, ಕಡೆಗೆ ಪ್ರಯಾಣಿಕರಿಲ್ಲದ ಖಾಲಿ ವಿಮಾನವನ್ನು ಏರಿಸಿ ಇಳಿಸುವ ಅಭ್ಯಾಸ. ಇಷ್ಟು ಮುಗಿದರೂ ಹೊಸಬರನ್ನು ನೇರವಾಗಿ ಸಾಮಾನ್ಯ ಡ್ಯೂಟಿಗೆ ಹಾಕುವಂತಿಲ್ಲ. ಲೈನ್ ಟ್ರೈನಿಂಗ್ ಎಂಬ ಇನ್ನೊಂದು ಹಂತವಿದೆ. ಎಡಗಡೆ ತರಬೇತುದಾರ ಕ್ಯಾಪ್ಟನ್, ಬಲಗಡೆ ಹೊಸಬ, ಆರಂಭದ ಹಾರಾಟಗಳಲ್ಲಿ ಹಿಂದಿನ ಜಂಪ್ ಸೀಟಿನಲ್ಲಿ ಸೇಫ್ಟಿ ಪೈಲಟ್ ಆಗಿ ಮತ್ತೊಬ್ಬ ಅನುಭವಿ. ಇಬ್ಬರು ಹಾರಿಸಬಹುದಾದ ವಿಮಾನಕ್ಕೆ ಮೂವರು. ಕಂಪನಿಯಲ್ಲಿ ಎಷ್ಟು ತರಬೇತುದಾರ ಕ್ಯಾಪ್ಟನ್‌ಗಳಿದ್ದಾರೋ ಅಷ್ಟೇ ಹೊಸಬರನ್ನು ಒಂದು ವರ್ಷದಲ್ಲಿ ಒಳಗೆ ಬಿಟ್ಟುಕೊಳ್ಳಲು ಸಾಧ್ಯ. ಲೈಸೆನ್ಸ್‌ಗಳ ಸಂಖ್ಯೆ ಇಮ್ಮಡಿಯಾದರೂ ಈ ಮಿತಿ ತಾನಾಗಿ ಹಿಗ್ಗುವುದಿಲ್ಲ. ನಿರುದ್ಯೋಗದ ಮೊದಲ ಕಾರಣ ಇದು. ಸಾರ್ವಜನಿಕ ಚರ್ಚೆಯಲ್ಲಿ ಇದರ ಪ್ರಸ್ತಾಪ ತೀರ ಕಡಿಮೆ.

ಎರಡನೆಯದು ಹಣ. ಲೈಸೆನ್ಸ್‌ಗೆ ತಗಲುವ ಐವತ್ತು ಲಕ್ಷದ ಆಸುಪಾಸಿನ ವೆಚ್ಚದ ಮೇಲೆ ಟೈಪ್ ರೇಟಿಂಗ್‌ಗೆ ಮತ್ತೆ ಹದಿನೈದು ಇಪ್ಪತ್ತು ಲಕ್ಷ. ವಿಮಾನ ಕಂಪನಿಗಳ ಕೆಡೆಟ್ ಯೋಜನೆಗಳಲ್ಲಿ ಸೇರಿದರೆ ಒಟ್ಟು ಖರ್ಚು ಒಂದು ಕೋಟಿಯ ಹತ್ತಿರ ಹೋಗುತ್ತದೆ. ಬದಲಿಗೆ ಕೆಲಸ ಸಿಗುವ ಸಂಭವ ಹೆಚ್ಚು. ಕೆಡೆಟ್ ಆಗದೆ ತಾನೇ ಲೈಸೆನ್ಸ್ ಪಡೆದವರ ಪಾಡು ಬೇರೆ. ಅವರು ಕಾಯುವ ಪ್ರತಿ ವರ್ಷವೂ ಖರ್ಚಿನ ವರ್ಷವೇ. ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಹಾರಬೇಕು, ಹಾರಲು ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಬೇಕು. ವೈದ್ಯಕೀಯ ಪರೀಕ್ಷೆಯೂ ವರ್ಷಕ್ಕೊಮ್ಮೆ. ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಕೈ ಪಳಗಿರುವುದು ಬಿಟ್ಟುಹೋದ ಹಾಗೆಲ್ಲ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಗೆಲ್ಲುವ ಅವಕಾಶವೂ ಕುಗ್ಗುತ್ತದೆ. ಮನೆಯನ್ನೋ ಜಮೀನನ್ನೋ ಅಡವಿಟ್ಟು ಕಲಿಸಿದ ತಂದೆತಾಯಿಗೆ ಇದು ಎಂಥ ಹೊರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ವಿಮಾನಕ್ಕೆ ಎಷ್ಟು ಮಂದಿ

ಬೇಡಿಕೆಯ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಏರ್‌ಬಸ್ 320 ದಿನಕ್ಕೆ ಸರಾಸರಿ ಹನ್ನೆರಡೂವರೆ ಗಂಟೆ ಹಾರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 4,560 ಗಂಟೆ. ಇಬ್ಬರು ಪೈಲಟ್‌ಗಳೆಂದರೆ 9,120 ಪೈಲಟ್-ಗಂಟೆ. ಒಬ್ಬ ಪೈಲಟ್‌ನ ವಾರ್ಷಿಕ ಮಿತಿ 1,000 ಗಂಟೆ. ರಜೆ, ತರಬೇತಿ, ಕಾಯಿಲೆ, ಸ್ಟ್ಯಾಂಡ್‌ಬೈ ಎಲ್ಲ ಕಳೆದು 800 ಗಂಟೆ ಸಿಕ್ಕಿದರೆ ಒಂದು ವಿಮಾನಕ್ಕೆ 11ಕ್ಕಿಂತ ಹೆಚ್ಚು ಪೈಲಟ್‌ಗಳು ಬೇಕು. ವಿಶ್ರಾಂತಿಯ ನಿಯಮ ಬಿಗಿಯಾಗಿ 800ರ ಜಾಗದಲ್ಲಿ 700 ಗಂಟೆ ಮಾತ್ರ ಸಿಕ್ಕಿದರೆ 13 ಮಂದಿ. ನೂರು ವಿಮಾನಗಳ ಕಂಪನಿಗೆ ಈ ವ್ಯತ್ಯಾಸ ಸುಮಾರು 160 ಪೈಲಟ್‌ಗಳಷ್ಟು. ಅವರಲ್ಲಿ ಅರ್ಧದಷ್ಟು ಕ್ಯಾಪ್ಟನ್‌ಗಳು.

ಕಾಗದದ ಮೇಲಿನ ಈ ಲೆಕ್ಕ 2025ರ ಡಿಸೆಂಬರ್‌ನಲ್ಲಿ ವಿಮಾನ ನಿಲ್ದಾಣಗಳಲ್ಲಿ ಕಣ್ಣಿಗೆ ಬಿತ್ತು. ಪೈಲಟ್‌ಗಳ ದಣಿವನ್ನು ಗಮನಿಸಿ ಡಿಜಿಸಿಎ 2024ರ ಜನವರಿಯಲ್ಲಿ ಕೆಲಸದ ಅವಧಿಯ ಹೊಸ ನಿಯಮ ತಂದಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು, ರಾತ್ರಿಯ ಅವಧಿ ಬೆಳಗಿನ ಐದರ ಬದಲು ಆರರವರೆಗೆ ಚಾಚಿತು, ರಾತ್ರಿಯಲ್ಲಿ ಮಾಡಬಹುದಾದ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಕಂಪನಿಗಳು ಸಮಯ ಕೇಳಿದವು. ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ 2025ರ ಜುಲೈ 1 ಮತ್ತು ನವೆಂಬರ್ 1 ಎಂದು ಎರಡು ಹಂತಗಳಲ್ಲಿ ನಿಯಮ ಜಾರಿಗೆ ಬಂತು. ಎರಡನೇ ಹಂತ ಬಂದು ಒಂದು ತಿಂಗಳಿಗೆಲ್ಲ ಇಂಡಿಗೋದ ವೇಳಾಪಟ್ಟಿ ಕುಸಿಯಿತು. ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು, ಬೆಂಗಳೂರಿನಲ್ಲೂ ಪ್ರಯಾಣಿಕರು ನಿಲ್ದಾಣದಲ್ಲೇ ದಿನ ಕಳೆದರು. ಕಡೆಗೆ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ಸುಮಾರು ಎರಡು ವರ್ಷ ಮೊದಲೇ ಗೊತ್ತಿದ್ದ ನಿಯಮಕ್ಕೆ ಬೇಕಾದಷ್ಟು ಮಂದಿಯನ್ನು ನೇಮಿಸಿಕೊಳ್ಳದೆ ಇದ್ದದ್ದು ಆಡಳಿತದ ತಪ್ಪು. ದಣಿದ ಪೈಲಟ್‌ನ ವಿಶ್ರಾಂತಿಯನ್ನು ಅದಕ್ಕೆ ಬೆಲೆಯಾಗಿ ತೆತ್ತದ್ದು ಅದಕ್ಕಿಂತ ದೊಡ್ಡ ತಪ್ಪು.

ಕ್ಯಾಪ್ಟನ್‌ಗಳನ್ನು ಬೇಕೆಂದಾಗ ತಂದುಕೊಳ್ಳಲು ಆಗುವುದಿಲ್ಲ. ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್‌ಗೆ 1,500 ಗಂಟೆ ಬೇಕು, ಕಂಪನಿಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ಅನುಭವ ಕೇಳುತ್ತವೆ. ಇಂದು ಸೇರಿದ ಫಸ್ಟ್ ಆಫೀಸರ್ (ಕೋ-ಪೈಲಟ್) ಎಡಗಡೆಗೆ ಬರಲು ನಾಲ್ಕೈದು ವರ್ಷವಾದರೂ ಹಿಡಿಯುತ್ತದೆ. ಕೋವಿಡ್ ಕಾಲದಲ್ಲಿ ನೇಮಕಾತಿ ನಿಂತಿತು. ಆಗ ಸೇರದೆ ಹೋದವರು ಈಗಿನ ಕ್ಯಾಪ್ಟನ್‌ಗಳ ಸಾಲಿನಲ್ಲಿ ಇಲ್ಲ. ಹಾಗಾಗಿ ಕಂಪನಿಗಳು ಒಬ್ಬರಿಂದೊಬ್ಬರು ಕ್ಯಾಪ್ಟನ್‌ಗಳನ್ನು ಎಳೆದುಕೊಳ್ಳುತ್ತವೆ, ಕೊಲ್ಲಿಯ ದೊಡ್ಡ ಕಂಪನಿಗಳು ಇಲ್ಲಿಂದ ಎಳೆದುಕೊಳ್ಳುತ್ತವೆ. ಇದನ್ನು ತಡೆಯಲೆಂದು 2017ರಲ್ಲಿ ಡಿಜಿಸಿಎ ಕ್ಯಾಪ್ಟನ್‌ಗಳ ನೋಟಿಸ್ ಅವಧಿಯನ್ನು ಒಂದು ವರ್ಷಕ್ಕೆ ಏರಿಸಿತು. ಕೋ-ಪೈಲಟ್‌ಗಳಿಗೆ ಆರು ತಿಂಗಳು. 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟಾಗ ಆಕಾಸಾ ಏರ್ ನ್ಯಾಯಾಲಯಕ್ಕೆ ಹೋಯಿತು. ಒಂದು ವರ್ಷದ ನೋಟಿಸ್ ಬೇರೆ ಯಾವ ವೃತ್ತಿಯಲ್ಲಿ ಇದೆ? ಕಂಪನಿ ಬಾಗಿಲು ಹಾಕುವಾಗ ಪೈಲಟ್‌ಗೆ ಒಂದು ದಿನದ ನೋಟಿಸೂ ಸಿಗುವುದಿಲ್ಲ ಎಂಬುದನ್ನು ಇದರ ಜೊತೆಗೇ ನೋಡಬೇಕು.

ಸೀನಿಯಾರಿಟಿ ಪಟ್ಟಿ ಮತ್ತು ಮುಳುಗುವ ಕಂಪನಿಗಳು

ಪೈಲಟ್ ವೃತ್ತಿಯ ಏಳಿಗೆ ಪ್ರತಿಭೆಗಿಂತ ಹೆಚ್ಚಾಗಿ ಸೇರಿದ ತಾರೀಕಿನ ಮೇಲೆ ನಿಂತಿದೆ. ಅಮೆರಿಕದ ಡೆಲ್ಟಾ, ಯುನೈಟೆಡ್, ಅಮೆರಿಕನ್ ಕಂಪನಿಗಳಲ್ಲಿ ಇದು ಅತ್ಯಂತ ಸ್ಪಷ್ಟ. ಯಾವ ವಿಮಾನ, ಯಾವ ಊರಿನ ಬೇಸ್, ಯಾವ ತಿಂಗಳು ರಜೆ, ಎಂದು ಕ್ಯಾಪ್ಟನ್ ಪದವಿ, ಕಷ್ಟಕಾಲದಲ್ಲಿ ಮೊದಲು ಮನೆಗೆ ಹೋಗುವವರು ಯಾರು, ಎಲ್ಲವನ್ನೂ ಸೀನಿಯಾರಿಟಿ ಸಂಖ್ಯೆ ನಿರ್ಧರಿಸುತ್ತದೆ. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದವರು ಪಟ್ಟಿಯ ತಳದಿಂದ ಮತ್ತೆ ಶುರು ಮಾಡಬೇಕು. 2001ರಲ್ಲಿ ಟಿಡಬ್ಲ್ಯುಎ ಕಂಪನಿಯನ್ನು ಅಮೆರಿಕನ್ ಕೊಂಡಾಗ ಟಿಡಬ್ಲ್ಯುಎಯ ಬಹಳ ಮಂದಿ ಪೈಲಟ್‌ಗಳು ಹೊಸ ಪಟ್ಟಿಯ ಕೊನೆಗೆ ಬಿದ್ದರು. ಆ ಅನ್ಯಾಯ ಮರುಕಳಿಸದಿರಲೆಂದು 2007ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು: ಕಂಪನಿಗಳು ವಿಲೀನವಾದಾಗ ಸೀನಿಯಾರಿಟಿ ಪಟ್ಟಿಗಳನ್ನು ನ್ಯಾಯವಾಗಿ ಹೊಂದಿಸಬೇಕು, ಒಪ್ಪಂದ ಆಗದಿದ್ದರೆ ಮಧ್ಯಸ್ಥಿಕೆಗೆ ಹೋಗಬೇಕು.

ಅಮೆರಿಕದಲ್ಲಿ ಹೊಸಬರ ದಾರಿಯೂ ಬೇರೆ. 2009ರ ಫೆಬ್ರುವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತ ಮೇಲೆ, ಕೋ-ಪೈಲಟ್‌ಗೂ 1,500 ಗಂಟೆಗಳ ಅನುಭವ ಬೇಕೆಂಬ ನಿಯಮ 2013ರಲ್ಲಿ ಬಂತು. ಸೇನೆಯಿಂದ ಬಂದವರಿಗೂ ವಿಮಾನಯಾನದಲ್ಲಿ ಪದವಿ ಪಡೆದವರಿಗೂ ಸ್ವಲ್ಪ ರಿಯಾಯಿತಿ ಇದೆ. ಹೊಸಬರು ಈ ಗಂಟೆಗಳನ್ನು ಬಹುಪಾಲು ತರಬೇತಿ ಶಾಲೆಯಲ್ಲಿ ಇತರರಿಗೆ ಕಲಿಸುತ್ತ, ಸಂಬಳ ಪಡೆಯುತ್ತ ಗಳಿಸುತ್ತಾರೆ. ಭಾರತದಲ್ಲಿ ಈ ನಡುವಿನ ಮೆಟ್ಟಿಲು ಇಲ್ಲವೆನ್ನುವಷ್ಟು ಸಣ್ಣದು. 200 ಗಂಟೆಯವರು ನೇರವಾಗಿ ಜೆಟ್ ವಿಮಾನಕ್ಕೆ ಹೋಗಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು.

ನಮ್ಮಲ್ಲಿ ಸೀನಿಯಾರಿಟಿಯ ಗಾಯ ಏರ್ ಇಂಡಿಯಾದಲ್ಲಿ ಬಹುಕಾಲ ಮಾಯಲಿಲ್ಲ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಅದರೊಂದಿಗೆ ವಿಲೀನವಾಯಿತು. ಹೊಸ ಬೋಯಿಂಗ್ 787ರ ತರಬೇತಿ ಎರಡು ಮೂಲಗಳ ಪೈಲಟ್‌ಗಳಲ್ಲಿ ಯಾರಿಗೆ ಸಿಗಬೇಕು, ಯಾರು ಯಾವಾಗ ಕ್ಯಾಪ್ಟನ್ ಆಗಬೇಕು ಎಂಬ ಜಗಳ 2012ರಲ್ಲಿ 58 ದಿನಗಳ ಮುಷ್ಕರವಾಯಿತು. 2024ರ ಏಪ್ರಿಲ್‌ನಲ್ಲಿ ವಿಸ್ತಾರಾ ಪೈಲಟ್‌ಗಳ ಅಸಮಾಧಾನವೂ ವಿಲೀನದ ಹೊಸ್ತಿಲಲ್ಲೇ ಎದ್ದಿತು. ಹೊಸ ಕರಾರಿನಲ್ಲಿ ಖಾತ್ರಿ ವೇತನದ ಲೆಕ್ಕ ತಿಂಗಳಿಗೆ 70 ಗಂಟೆಯಿಂದ 40 ಗಂಟೆಗೆ ಇಳಿದಿತ್ತು. ಹಾರಾಟಗಳು ರದ್ದಾದವು, ಕಂಪನಿ ದಿನಕ್ಕೆ 25–30 ಹಾರಾಟಗಳನ್ನು ಕಡಿತ ಮಾಡಿತು. ಆ ವರ್ಷ ಬೆಂಗಳೂರು ಮೂಲದ ಎಐಎಕ್ಸ್ ಕನೆಕ್ಟ್ (ಹಿಂದಿನ ಏರ್ ಏಷ್ಯಾ ಇಂಡಿಯಾ) ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆಗೆ, ವಿಸ್ತಾರಾ ನವೆಂಬರ್‌ನಲ್ಲಿ ಏರ್ ಇಂಡಿಯಾ ಜೊತೆಗೆ ಸೇರಿಹೋದವು. ಇಷ್ಟೆಲ್ಲ ವಿಲೀನಗಳಾದರೂ ಅಮೆರಿಕದ ಆ ಕಾನೂನಿಗೆ ಸಮನಾದದ್ದು ನಮ್ಮಲ್ಲಿ ಇಲ್ಲ.

ವಿಲೀನಕ್ಕಿಂತ ಕ್ರೂರವಾದದ್ದು ಕಂಪನಿಯ ಸಾವು. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಶುರು ಮಾಡಿದ ಏರ್ ಡೆಕ್ಕನ್ ಕಿಂಗ್‌ಫಿಷರ್‌ನ ಮಡಿಲು ಸೇರಿತು. ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು. ತಿಂಗಳುಗಟ್ಟಲೆ ಸಂಬಳ ಬಾಕಿ ಇದ್ದ ಪೈಲಟ್‌ಗಳು ಬೀದಿಗೆ ಬಂದರು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್, 2023ರ ಮೇ 3ರಂದು ಗೋ ಫಸ್ಟ್. ಇಲ್ಲಿ ಹತ್ತು ಹನ್ನೆರಡು ವರ್ಷದ ಸೀನಿಯಾರಿಟಿ ಒಂದೇ ದಿನದಲ್ಲಿ ಇಲ್ಲವಾಗುತ್ತದೆ. ಏರ್‌ಬಸ್ ರೇಟಿಂಗ್ ಇದ್ದ ಕ್ಯಾಪ್ಟನ್‌ಗಳಿಗೆ ಬೇಗ ಕೆಲಸ ಸಿಕ್ಕೀತು. ಆಗಷ್ಟೇ ಸಾಲ ಮಾಡಿ ಟೈಪ್ ರೇಟಿಂಗ್ ಮುಗಿಸಿ, ಲೈನ್ ಟ್ರೈನಿಂಗ್ ಅರ್ಧದಲ್ಲಿದ್ದವರ ಗತಿ ಕಷ್ಟ. ಕಂಪನಿ ಮುಳುಗಿದಾಗಲೆಲ್ಲ ಅನುಭವಿಗಳ ಹಿಂಡು ಮಾರುಕಟ್ಟೆಗೆ ಬರುತ್ತದೆ, ಹೊಸಬರ ಸರದಿ ಒಂದೆರಡು ವರ್ಷ ಹಿಂದಕ್ಕೆ ಹೋಗುತ್ತದೆ.

ಇಷ್ಟಾದರೂ ಈ ವೃತ್ತಿಯ ಬಗ್ಗೆ ನಿರಾಶೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಭಾರತದ ಪೈಲಟ್‌ಗಳಲ್ಲಿ ಸುಮಾರು 15% ಮಹಿಳೆಯರು. ಪ್ರಪಂಚದ ಸರಾಸರಿ 5%ರ ಆಸುಪಾಸು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಹಾದಿಯಲ್ಲಿ ಏರ್ ಇಂಡಿಯಾ ವಿಮಾನವನ್ನು ತಂದಿಳಿಸಿದ್ದು ಪೂರ್ತಿ ಮಹಿಳೆಯರ ತಂಡ. ಇಂಥ ದೇಶದಲ್ಲಿ ಪ್ರತಿಭೆಗೆ ಬರವಿಲ್ಲ. ಬೇಕಿರುವುದು ಆ ಪ್ರತಿಭೆಗೆ ನ್ಯಾಯವಾದ ವ್ಯವಸ್ಥೆ. ಟೈಪ್ ರೇಟಿಂಗ್ ಖರ್ಚನ್ನು ಕಂಪನಿಯೇ ಹೊತ್ತು, ಸೇವೆಯ ಕರಾರಿನ ಮೂಲಕ ವಸೂಲು ಮಾಡಿಕೊಳ್ಳುವುದು ಆಗಬೇಕು. ತರಬೇತುದಾರ ಕ್ಯಾಪ್ಟನ್‌ಗಳನ್ನು ತಯಾರು ಮಾಡದ ಕಂಪನಿಗೆ ಹೊಸ ಹಾರಾಟಗಳ ಅನುಮತಿ ಸಿಗಬಾರದು. ವಿಲೀನದಲ್ಲಿ ಸೀನಿಯಾರಿಟಿಯನ್ನು ಕಾಯುವ ಕಾನೂನು ಬೇಕು.

ಇವೆಲ್ಲಕ್ಕೂ ಮೊದಲು, ಹೆಚ್ಚು ಹಣ ಬೇಡದ ಒಂದು ಕೆಲಸವಿದೆ. ಪ್ರತಿ ವರ್ಷ ಎಷ್ಟು ಲೈಸೆನ್ಸ್ ಕೊಟ್ಟೆವು ಎಂದು ಡಿಜಿಸಿಎ ಹೇಳುತ್ತದೆ. ಅದರ ಪಕ್ಕದಲ್ಲೇ, ಹಾಗೆ ಲೈಸೆನ್ಸ್ ಪಡೆದವರಲ್ಲಿ ಎಷ್ಟು ಮಂದಿ ಎಷ್ಟು ತಿಂಗಳೊಳಗೆ ಯಾವ ಕಂಪನಿಯಲ್ಲಿ ಫಸ್ಟ್ ಆಫೀಸರ್ ಆಗಿ ಸೇರಿದರು ಎಂಬ ಅಂಕಿಯನ್ನೂ ತರಬೇತಿ ಶಾಲೆಯ ಹೆಸರಿನೊಂದಿಗೆ ಪ್ರಕಟಿಸಲಿ. ಮಗಳನ್ನೋ ಮಗನನ್ನೋ ಪೈಲಟ್ ಮಾಡಲು ಹೊರಟ ತಂದೆತಾಯಿಯೂ ಮುಂಗಡ ಹಣ ಕಟ್ಟುವ ಮೊದಲು ಈ ಅಂಕಿಯನ್ನು ಶಾಲೆಯಿಂದ ಬರಹದಲ್ಲಿ ಕೇಳಿ ಪಡೆಯಬೇಕು.