ಮನೆಯ ಹಳೆಯ ಕಾಗದಗಳು

ಕಾಸರಗೋಡು ಸೀಮೆಯ ಹಳೆಮನೆಗಳ ಪೆಟ್ಟಿಗೆ ತೆಗೆದರೆ ಎರಡು ಭಾಷೆಯ ಕಾಗದಗಳು ಸಿಗುತ್ತವೆ. 1956 ನವೆಂಬರ್ 1ರ ತನಕ ನಾವು ಮದರಾಸು ಸರಕಾರದ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯವರು. ಆಗಿನ ಕ್ರಯಸಾಧನ, ಗೇಣಿಚೀಟುಗಳು ಹೆಚ್ಚಾಗಿ ಕನ್ನಡದಲ್ಲಿವೆ. ಆಮೇಲೆ ಮಲಯಾಳದ ‘ಆಧಾರ’ ಬಂತು.

ಕಳೆದ ವರ್ಷ ನನ್ನ ಮನೆ, ತೋಟ ಮಾರುವಾಗ ಇವನ್ನೆಲ್ಲ ಓದಬೇಕಾಯಿತು. ಕೊಳ್ಳುವವರು ಚಂದ್ರಗಿರಿ ಹೊಳೆಯಿಂದ ತೆಂಕಿನವರು, ಕನ್ನಡ ಬಾರದು. “ಮಾಷೇ, ಇದರಲ್ಲಿ ಎಂತ ಉಂಟು, ಓದಿ ಹೇಳಿ” ಅಂದರು. ಮಾರುವವನೇ ಅರ್ಥ ಹೇಳುವುದು ಸರಿಯಲ್ಲವೆಂದು ಕನ್ನಡ ಬಲ್ಲ ವಕೀಲರೊಬ್ಬರನ್ನು ಅವರ ಕಡೆಯಿಂದಲೇ ಕರೆಸಿದೆವು.

ಮನೆ ಇರುವ ಜಾಗದ್ದು ಅಜ್ಜನ ಮೂಲಗೇಣಿ ಚೀಟು. ಮೂಲಗೇಣಿ ಎಂದರೆ ಶಾಶ್ವತ ಗೇಣಿ: ಗೊತ್ತುಮಾಡಿದ ಗೇಣಿ ಕೊಡುತ್ತಿರುವವರೆಗೆ ಧಣಿ ಏರಿಸುವಂತಿಲ್ಲ, ಒಕ್ಕಲನ್ನು ಎಬ್ಬಿಸುವಂತಿಲ್ಲ. ಚಾಲಗೇಣಿಯವರಿಗೆ ಈ ಧೈರ್ಯ ಇರಲಿಲ್ಲ. ವರ್ಷ ವರ್ಷವೂ ಭಯವೇ. ಕೇರಳದ ಭೂಸುಧಾರಣಾ ಕಾನೂನಿನಿಂದ 1970 ಜನವರಿ 1ಕ್ಕೆ ಧಣಿಗಳ ಹಕ್ಕು ಸರಕಾರಕ್ಕೆ ಸೇರಿತು. ನಮ್ಮಪ್ಪ ಲ್ಯಾಂಡ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿ ಪಟ್ಟೆ ಪಡೆದರು. ಅದು ಇಲ್ಲದಿದ್ದರೆ ಈ ಮನೆ ಮಾರಲು ನಾನು ಯಾರು?

ತೋಟದ ಕ್ರಯಸಾಧನ ಓದುವಾಗ ಎಂಟು ಶಬ್ದಗಳು ಬಂದವು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವು ಅಷ್ಟಭೋಗಗಳು. ವಿಜಯನಗರ ಕಾಲದ ದಾನಶಾಸನಗಳಲ್ಲೂ ಇವೆ. ನೀರು, ಕಲ್ಲು ಸರಿ. ಈಗ ಸಾಗುವಳಿ ಆಗಿರುವುದು ಸಿದ್ಧ, ಮುಂದೆ ಆಗಬಹುದಾದ್ದು ಸಾಧ್ಯ. “ನಿಧಿ ಸಿಕ್ಕಿದರೆ ನನಗೋ?” ಎಂದು ಕೊಳ್ಳುವವರು ನಕ್ಕರು. ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾನೂನು ಮಾಡಿದ್ದರು. ಆದರೂ ದಸ್ತಾವೇಜು ಬರೆಯುವವರು ಆ ಶಬ್ದ ಬಿಡಲಿಲ್ಲ ನೋಡಿ!

ಹೊಸ ಆಧಾರದಲ್ಲಿ ಆ ಎಂಟರಲ್ಲಿ ಒಂದೂ ಇಲ್ಲ. ಸರ್ವೆ ನಂಬ್ರ, ಸೆಂಟ್ಸ್, ಗಡಿ, ಹಣ, ಅಷ್ಟೇ. ನೋಂದಣಿ ದಿನ ಮಲಯಾಳದ ಬರಹದ ಕೆಳಗೆ ಕನ್ನಡದಲ್ಲಿ ರುಜು ಹಾಕಿದೆ.

1882ರ ಆಸ್ತಿ ವರ್ಗಾವಣೆ ಕಾನೂನಿನ ಪ್ರಕಾರ ಹಣ ಪೂರ ಸಂದ ಮೇಲೆ ಹಳೆಯ ಮೂಲಪತ್ರಗಳೂ ಕೊಂಡವರಿಗೆ ಸೇರಬೇಕು. ಮನೆ ಬಿಟ್ಟದ್ದಕ್ಕಿಂತ ಆ ಕಟ್ಟು ಕೈಬಿಡುವುದೇ ನನಗೆ ಕಷ್ಟವಾಯಿತು. ಅವರ ಒಪ್ಪಿಗೆ ಪಡೆದು ಝೆರಾಕ್ಸ್ ಮಾಡಿಸಿದ್ದೇನೆ. ಪ್ರತಿಗಳು ನಮ್ಮ ವಾಚನಾಲಯದ ಕಪಾಟಿನಲ್ಲಿವೆ. ಹಳೆಯ ಕೈಬರಹ ಓದಲು ಕಲಿಯಬೇಕೆನ್ನುವ ಮಕ್ಕಳಿದ್ದರೆ ಮಾಷ್ಟ್ರುಗಳು ಕರೆದುಕೊಂಡು ಬನ್ನಿ, ಕೂತು ಓದುವ.